ಹಳೆ ಮಹೀಂದ್ರಾ ಜೀಪಿಗೆ ಕಡಿಮೆ ದುಡ್ಡಿನಲ್ಲಿ ಸರಿಯಾದ ಸ್ಪೇರ್ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸಿಜೆ3ಬಿ, ಸಿಜೆ500ಡಿ, ಎಂಎಂ540, ಎಂಎಂ550, ಮೇಜರ್: ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಶೆಡ್ಡುಗಳಲ್ಲಿ ಇವು ಇನ್ನೂ ನಿಂತಿವೆ. ಇವಕ್ಕೆ ಸಾಮಾನು ಸಿಗುವುದಿಲ್ಲ ಎನ್ನುವ ಮಾತು ಸುಳ್ಳು. ಸಿಗುತ್ತದೆ, ಆದರೆ ಹೆಸರು ಹೇಳಿ ಕೇಳಿದರೆ ದುಬಾರಿ, ನಂಬರ್ ಹೇಳಿ ಕೇಳಿದರೆ ಅಗ್ಗ. "ಜೀಪಿನ ಹಬ್ ಬೇರಿಂಗ್ ಕೊಡಿ" ಎಂದರೆ ಅಂಗಡಿಯವನು ನಿಮ್ಮ ಮುಖ ನೋಡಿ ಬೆಲೆ ಕಟ್ಟುತ್ತಾನೆ. "18590, 18520 ಎಷ್ಟು?" ಎಂದರೆ ಪಟ್ಟಿ ನೋಡಿ ಹೇಳುತ್ತಾನೆ. ಈ ಬರಹದ ಮುಕ್ಕಾಲು ಪಾಲು ಆ ನಂಬರನ್ನು ಪತ್ತೆ ಮಾಡುವ ಬಗೆಯೇ.

ಒಂದು ಬೋಲ್ಟ್ ಕೊಳ್ಳುವ ಮುಂಚೆ ಆರ್‌ಸಿ

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ವೈರ್ ಬ್ರಷ್ ಹಾಕಿ ಉಜ್ಜಿ, ಪೆನ್ಸಿಲ್ ಅಚ್ಚು ತೆಗೆದು ಆರ್‌ಸಿಯ ಜತೆ ತಾಳೆ ನೋಡಿ. ಎಂಜಿನ್ ನಂಬರ್ ಹೊಂದದಿದ್ದರೆ ದಾಖಲೆ ಸರಿಪಡಿಸುವ ದಾರಿ ಇದೆ. ಚಾಸಿ ನಂಬರೇ ಹೊಂದದಿದ್ದರೆ ಆ ಗಾಡಿಗೆ ದುಡ್ಡು ಸುರಿಯಬೇಡಿ, ಎಷ್ಟೇ ಚಂದ ಇದ್ದರೂ.

ನಿಮ್ಮ ಜೀಪು ನಿಜವಾಗಿ ಯಾವುದು?

ಆರ್‌ಸಿಯಲ್ಲಿ ಎಂಎಂ540 ಎಂದಿದ್ದರೂ ಕೆಳಗೆ ನಿಂತಿರುವುದು ಮೂರು ಗಾಡಿಗಳ ಬೆರಕೆ ಆಗಿರಬಹುದು. ಮೂವತ್ತು ನಲವತ್ತು ವರ್ಷ ಓಡಿದ ಜೀಪಿಗೆ ಯಾವ ಮೆಕ್ಯಾನಿಕ್ ಯಾವಾಗ ಏನು ಕೂರಿಸಿದ ಎಂದು ಬಲ್ಲವರಿಲ್ಲ. ಆದ್ದರಿಂದ ಮಾಡೆಲ್ ಹೆಸರನ್ನು ಬದಿಗಿಟ್ಟು ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಗುರುತಿಸಿ.

ಮೊದಲು ಮುಂದಿನ ಹಬ್‌ನಿಂದ ಹಿಂದಿನ ಹಬ್‌ವರೆಗೆ ಟೇಪ್ ಹಿಡಿಯಿರಿ. 80 ಇಂಚು ಬಂದರೆ ಸಿಜೆ3ಬಿ ಗಾತ್ರದ ಗಿಡ್ಡ ಚಾಸಿ, 91 ಇಂಚು ಬಂದರೆ ಎಂಎಂ540 ಗಾತ್ರದ್ದು. ಪ್ರೊಪೆಲ್ಲರ್ ಶಾಫ್ಟ್ (ಗೇರ್ ಕಡೆಯಿಂದ ಆಕ್ಸಲಿಗೆ ತಿರುಗುವಿಕೆ ಒಯ್ಯುವ ದಂಡ) ಉದ್ದ, ಬ್ರೇಕ್ ಪೈಪ್ ಉದ್ದ, ಬಾಡಿ ಟಬ್ (ತಗಡಿನ ಒಡಲು) ಎಲ್ಲವೂ ಇದರ ಮೇಲೆ ನಿಲ್ಲುತ್ತವೆ.

ಎಂಜಿನ್ ವಿಷಯದಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು. ಪೆಟ್ರೋಲ್ ಆದರೆ 2199 ಸಿಸಿಯ ಹರಿಕೇನ್. ಇದರ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ ಇರುತ್ತದೆ. ಡೀಸೆಲ್ ಆದರೆ ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90 (2112 ಸಿಸಿ, ಬೋರ್ 90 ಮಿಮೀ, ಸ್ಟ್ರೋಕ್ 83 ಮಿಮೀ), ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಮೂಲದ ಎಂಡಿ2350, ಇಲ್ಲವೇ ಎಂಡಿಐ (2523 ಸಿಸಿ, ಬೋರ್ 88.9 ಮಿಮೀ, ಸ್ಟ್ರೋಕ್ 101.6 ಮಿಮೀ). ಎಂಡಿಐ ಇದ್ದರೆ ನೀವು ಅದೃಷ್ಟವಂತರು: ಹಳೆ ಬೊಲೆರೊ, ಥಾರ್ ಡಿಐಗಳಲ್ಲಿ ಓಡಿದ್ದೂ ಇದೇ ಕುಟುಂಬದ ಎಂಜಿನ್ ಆದ್ದರಿಂದ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ತಾಲೂಕು ಮಟ್ಟದ ಅಂಗಡಿಯಲ್ಲೂ ಸಿಗುತ್ತವೆ. ಎಂಡಿ2350ಗೆ ಜೀಪ್ ಅಂಗಡಿಗಿಂತ ಬಿ-275 ಟ್ರ್ಯಾಕ್ಟರ್ ಸ್ಪೇರ್ ಅಂಗಡಿ ಮೇಲು. ಆದರೆ ಮೂಲ ಒಂದೇ ಎಂದು ಎಲ್ಲ ಸಾಮಾನೂ ಹೊಂದುವುದಿಲ್ಲ, ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ ಪಕ್ಕಪಕ್ಕ ಇಟ್ಟು ನೋಡಿಯೇ ಕೊಳ್ಳಿ. ಎಕ್ಸ್‌ಡಿಪಿಯ ಹೆಡ್ ಗ್ಯಾಸ್ಕೆಟ್, ಹೀಟರ್ ಪ್ಲಗ್ ಕಂಡಾಗ ಒಂದು ಹೆಚ್ಚಿಗೆ ತೆಗೆದಿಡುವುದು ಒಳ್ಳೆಯದು.

ಡಿಫರೆನ್ಷಿಯಲ್ ರೇಷಿಯೊವನ್ನು, ಅಂದರೆ ಚಕ್ರಗಳ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು, ಬಿಚ್ಚದೆಯೇ ಕಂಡುಹಿಡಿಯಬಹುದು. ಮುಂದಿನ ಹಾಗೂ ಹಿಂದಿನ ಒಂದೊಂದು ಚಕ್ರಕ್ಕೆ ಅಡೆ ಕೊಟ್ಟು, ಗೇರನ್ನೂ ಫೋರ್‌ವೀಲ್ ಲಿವರನ್ನೂ ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಇನ್ನೊಂದು ಚಕ್ರವನ್ನು ಜಾಕಿ ಹಾಕಿ ಎತ್ತಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಂದೇ ಚಕ್ರ ತಿರುಗುತ್ತಿರುವುದರಿಂದ ಎರಡು ಸುತ್ತು ಬೇಕು. ಶಾಫ್ಟ್ ಐದು ಸುತ್ತಿನ ಮೇಲೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ತಿರುಗಿದರೆ 5.38 (ಡಿಫರೆನ್ಷಿಯಲ್ ಒಳಗಿನ ದೊಡ್ಡ ಕ್ರೌನ್ ಗೇರಿಗೆ 43 ಹಲ್ಲು, ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ಗೆ 8 ಹಲ್ಲು). ಐದಕ್ಕೆ ತುಸು ಕಡಿಮೆ ಆದರೆ 4.88 (39 ಹಲ್ಲು, 8 ಹಲ್ಲು). ಮುಂದಿನ ಡಿಫರೆನ್ಷಿಯಲ್‌ಗೂ ಹೀಗೇ ಮಾಡಿ. ಮುಂದಿನ ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಫ್ರೀ ವೀಲಿಂಗ್ ಹಬ್ ಇದ್ದರೆ ಲಾಕ್ ಮಾಡಿರಬೇಕು. ಎರಡೂ ಒಂದೇ ಬರಬೇಕು. ಬೇರೆ ಬಂದರೆ ಯಾರೋ ಒಂದು ಹೌಸಿಂಗ್ (ಡಿಫರೆನ್ಷಿಯಲ್ ಕೂರುವ ಕವಚ) ಬದಲಿಸಿದ್ದಾರೆ ಎಂದರ್ಥ. ಅಂಥ ಗಾಡಿಯಲ್ಲಿ ಫೋರ್‌ವೀಲ್ ಹಾಕಿದರೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೇ ಎಳೆದಾಟ ಶುರುವಾಗಿ, ಲಿವರ್ ಬಿಗಿದುಕೊಂಡು, ಕೊನೆಗೆ ಗೇರೋ ಶಾಫ್ಟೋ ಮುರಿಯುತ್ತದೆ.

ಟ್ರಾನ್ಸ್‌ಫರ್ ಕೇಸ್ ಡಾನಾ 18 ಆಗಿದ್ದರೆ ಅದರ ಇಂಟರ್‌ಮೀಡಿಯೇಟ್ ಶಾಫ್ಟ್ ಕಾಲಕ್ಕೊಂದು ಅಳತೆಯದು: ಮುಕ್ಕಾಲು ಇಂಚು, 1⅛ ಇಂಚು, 1¼ ಇಂಚು. ಕಿಟ್ ತರಿಸಿಕೊಂಡು ಆಮೇಲೆ ಹೊಂದದೆ ವಾಪಸ್ ಕಳಿಸುವವರಲ್ಲಿ ಬಹುಪಾಲು ಮಂದಿ ಅಳೆಯದೆ ತರಿಸಿದವರು. ಶಾಫ್ಟನ್ನು ಹೊರತೆಗೆದು, ಸವೆಯದ ಜಾಗದಲ್ಲಿ ವರ್ನಿಯರ್ ಹಿಡಿದು ನೋಡಿಯೇ ಆರ್ಡರ್ ಮಾಡಿ.

ಮೂರು ಪಟ್ಟಿ

ಬಿಚ್ಚುವಾಗ ಪ್ರತಿ ಭಾಗಕ್ಕೂ ಜಿಪ್ ಕವರ್, ಒಳಗೊಂದು ಚೀಟಿ. ಬಿಚ್ಚಿದ ಹಳೆ ಸಾಮಾನು, ಎರಡು ತುಂಡಾಗಿದ್ದರೂ, ಹೊಸದು ಕೂತು ಗಾಡಿ ಓಡುವವರೆಗೆ ಎಸೆಯಬೇಡಿ. ಅಂಗಡಿಗೆ ಹಿಡಿದುಕೊಂಡು ಹೋಗುವ ಸ್ಯಾಂಪಲ್ ಅದೇ.

ಪಟ್ಟಿ ಬರೆಯುವಾಗ ಹೊಸದನ್ನೇ ಕೊಳ್ಳಬೇಕಾದ್ದು, ಗುಜರಿಯಲ್ಲಿ ಕೊಳ್ಳಬಹುದಾದ್ದು, ಇರುವುದನ್ನೇ ರಿಪೇರಿ ಮಾಡಬಹುದಾದ್ದು ಎಂದು ಮೂರು ಪುಟ ಮಾಡಿ. ಬ್ರೇಕಿನ ರಬ್ಬರ್ ಕಿಟ್, ಹೋಸ್, ವೀಲ್ ಸಿಲಿಂಡರ್, ಟೈರಾಡ್ ಎಂಡ್, ಬೇರಿಂಗ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪ್ರೊಪೆಲ್ಲರ್ ಕ್ರಾಸ್ (ಶಾಫ್ಟಿನ ತುದಿಯ ಶಿಲುಬೆಯಾಕಾರದ ಕೀಲು) ಮೊದಲನೇ ಪುಟಕ್ಕೆ. ಇವುಗಳಲ್ಲಿ ಚೌಕಾಶಿ ಮಾಡಿ, ಆದರೆ ಹಳೆಯದನ್ನು ತರಬೇಡಿ. ಹೌಸಿಂಗ್, ಆಕ್ಸಲ್ ಶಾಫ್ಟ್, ಹಬ್, ಡ್ರಮ್, ಗೇರ್‌ಬಾಕ್ಸ್ ಕೇಸ್, ಬೆಲ್ ಹೌಸಿಂಗ್, ಸ್ಟೀರಿಂಗ್ ಕಾಲಮ್, ಪೆಡಲ್, ಬ್ರ್ಯಾಕೆಟ್, ವಿಂಡ್‌ಶೀಲ್ಡ್ ಫ್ರೇಮ್ ಗುಜರಿಯವು. ರೇಡಿಯೇಟರ್, ಸೆಲ್ಫ್ ಮೋಟರ್, ಡೈನಮೋ, ಡೀಸೆಲ್ ಪಂಪ್, ಬ್ರೇಕ್ ಶೂ, ಲೀಫ್ ಸೆಟ್ ರಿಪೇರಿಗೆ.

ಜೀಪ್ ಅಂಗಡಿ ಬಿಟ್ಟು ಬೇರೆ ಅಂಗಡಿಗೆ ಹೋಗಿ

ಹಳೆ ಜೀಪಿನ ಅರ್ಧದಷ್ಟು ಸಾಮಾನು ಜೀಪಿನದ್ದೇ ಅಲ್ಲ, ಯಾವ ಯಂತ್ರಕ್ಕೂ ಹೋಗುವ ಸ್ಟ್ಯಾಂಡರ್ಡ್ ಸಾಮಾನು. ವಿಲ್ಲಿಸ್ (ಮಹೀಂದ್ರಾ ಜೀಪಿನ ಅಮೆರಿಕನ್ ಮೂಲ) ಮಾದರಿಯ ಹಬ್‌ನಲ್ಲಿ ಕೂರುವ ಟೇಪರ್ ಬೇರಿಂಗ್‌ನ ಕೋನ್ (ರೋಲರ್ ಇರುವ ಒಳಭಾಗ) 18590, ಕಪ್ (ಹೊರಬಳೆ) 18520. ಒಳವ್ಯಾಸ 41.275 ಮಿಮೀ, ಹೊರವ್ಯಾಸ 73.025 ಮಿಮೀ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ನಿನದು 11590, 11520. ಒಳಗೆ 15.875, ಹೊರಗೆ 42.86 ಮಿಮೀ. ಹಳೆ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬದಿಯ ಅಂಚಿನಲ್ಲಿ ಕೊರೆದ ನಂಬರ್ ಓದಿ. ಅಳಿಸಿಹೋಗಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆದು ಬರೆದುಕೊಳ್ಳಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಬೇರಿಂಗ್ ಅಂಗಡಿಗಳಿಗೆ ಅಷ್ಟು ಸಾಕು. ಟಿಮ್‌ಕೆನ್, ಎಸ್‌ಕೆಎಫ್, ಎನ್‌ಬಿಸಿ ಯಾವುದಾದರೂ ಸರಿ, ಬಿಲ್ ಕೊಡುವ ಅಧಿಕೃತ ಡೀಲರ್ ಬಳಿಯೇ ಕೊಳ್ಳಿ. ಪ್ರಖ್ಯಾತ ಹೆಸರಿನ ಡಬ್ಬಿಯೊಳಗೆ ಡೂಪ್ಲಿಕೇಟ್ ಬರುವುದು ಬೇರಿಂಗ್‌ನಲ್ಲೇ ಹೆಚ್ಚು. ಕಪ್ ಹಳೆಯದಿರಲಿ, ಕೋನ್ ಮಾತ್ರ ಹೊಸದು ಹಾಕೋಣ ಎಂಬ ಉಳಿತಾಯ ಬೇಡ. ಹಳೆ ಕಪ್ಪಿನ ಸವೆತ ಹೊಸ ರೋಲರನ್ನು ಬೇಗನೆ ತಿಂದುಹಾಕುತ್ತದೆ.

ಆಯಿಲ್ ಸೀಲಿನ ಮೇಲೆ 35-52-7 ಎಂಬಂಥ ಮೂರು ಅಂಕಿ ಇದ್ದರೆ ಅದು ಶಾಫ್ಟ್, ತೂತು, ದಪ್ಪ. ಅಷ್ಟು ಹೇಳಿದರೆ ಸೀಲ್ ಅಂಗಡಿಯಲ್ಲಿ ಸಿಗುತ್ತದೆ. ಹೊಸ ಸೀಲ್ ಹಾಕಿದ ವಾರಕ್ಕೇ ಸೋರಿದರೆ ತಪ್ಪು ಸೀಲಿನದ್ದಲ್ಲ, ಶಾಫ್ಟಿನಲ್ಲಿ ಹಳೆ ಸೀಲು ಕೊರೆದ ಗೆರೆಯದ್ದು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ ಸೀಲನ್ನು ಒಂದೆರಡು ಮಿಮೀ ಒಳಗೋ ಹೊರಗೋ ಸರಿಸಿ ಕೂರಿಸಿ, ಜಾಗವಿಲ್ಲದಿದ್ದರೆ ಲೇತ್‌ನಲ್ಲಿ ತೆಳು ಸ್ಲೀವ್ ಹಾಕಿಸಿ.

ಪ್ರೊಪೆಲ್ಲರ್ ಕ್ರಾಸಿಗೆ ಎರಡೇ ಅಳತೆ: ಕಪ್ಪಿನ ವ್ಯಾಸ ಮತ್ತು ಎದುರುಬದುರು ಕಪ್ಪುಗಳ ಹೊರತುದಿಯಿಂದ ತುದಿಗೆ ಇರುವ ಉದ್ದ. ಉದಾಹರಣೆಗೆ 27 ಮಿಮೀ ಮತ್ತು 81.75 ಮಿಮೀ ಬಂದರೆ ಅದು ಸ್ಪೈಸರ್ 1310 ಸರಣಿ. ಕಪ್ಪನ್ನು ಹಿಡಿದಿಡುವ ಲಾಕ್ ಒಳಗಿದೆಯೋ ಹೊರಗಿದೆಯೋ ಎಂಬುದನ್ನೂ ಗಮನಿಸಿ.

ಇನ್ನು ಥ್ರೆಡ್. ಎಲ್ಲರೂ ಎಡವುವುದು ಇಲ್ಲಿ. ಅಮೆರಿಕದ ವಿನ್ಯಾಸದಿಂದ ಬಂದ ಚಾಸಿ, ಆಕ್ಸಲ್, ಗೇರ್‌ಬಾಕ್ಸಿನ ಬೋಲ್ಟುಗಳು ಇಂಚಿನವು, ಯುಎನ್‌ಎಫ್ (ಸಣ್ಣ ಎಳೆಯ ಥ್ರೆಡ್) ಇಲ್ಲವೇ ಯುಎನ್‌ಸಿ (ದಪ್ಪ ಎಳೆಯದು). ಪ್ಯೂಜೋ ಮೂಲದ ಎಂಜಿನ್ನಿನವು ಮಿಲಿಮೀಟರಿನವು. ಅಂದರೆ ಒಂದೇ ಎಂಎಂ540ಯಲ್ಲಿ ಎರಡೂ ಇವೆ. ಥ್ರೆಡ್ ಗೇಜ್ ಒಂದನ್ನು ಕೊಳ್ಳಿ, ಬೆಲೆ ತೀರ ಕಡಿಮೆ. ಬ್ರೇಕ್ ಪೈಪಿನಲ್ಲಿ ಇದು ಜೀವದ ಪ್ರಶ್ನೆ: ⅜ ಇಂಚಿನ, ಇಂಚಿಗೆ 24 ಸುತ್ತಿನ ನಟ್ಟು 9.5 ಮಿಮೀ ದಪ್ಪ. ಅದು ಎಂ10 (10 ಮಿಮೀ) ತೂತಿನೊಳಗೆ ಸಡಿಲವಾಗಿ ಹೋಗಿ ಬಿಗಿಯಾದ ಹಾಗೆ ಕಾಣುತ್ತದೆ, ಜೋರಾಗಿ ಪೆಡಲ್ ಒತ್ತಿದ ದಿನ ಕಿತ್ತುಬರುತ್ತದೆ. ಹಳೆ ಗಾಡಿಗಳ ಎಡಬದಿ ಚಕ್ರದ ಸ್ಟಡ್ಡುಗಳಲ್ಲಿ ಎಡಗೈ ಥ್ರೆಡ್ ಇರುವುದುಂಟು. ನಟ್ಟು ಬಿಚ್ಚಲು ಪೈಪ್ ಹಾಕಿ ನೇತಾಡುವ ಮೊದಲು ಸ್ಟಡ್ಡಿನ ತುದಿ ನೋಡಿ.

ಗುಜರಿಯಲ್ಲಿ

ಬೆಂಗಳೂರಿನಲ್ಲಿ ಹೊಸ ಸ್ಪೇರಿಗೆ ಜೆಸಿ ರಸ್ತೆ, ಲಾರಿ ಸಾಮಾನಿಗೆ ಕಲಾಸಿಪಾಳ್ಯ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಗಲ್ಲಿಗಳು. ಹೊರಗೆ ಚೆನ್ನೈನ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ, ದೆಹಲಿಯ ಮಾಯಾಪುರಿ ಹಳೆ ಸಾಮಾನಿಗೆ, ದೆಹಲಿಯ ಕಶ್ಮೀರಿ ಗೇಟ್ ಹೊಸದಕ್ಕೆ. ಸೇನೆ ಹಾಗೂ ಸರ್ಕಾರಿ ಇಲಾಖೆಗಳು ಕೈಬಿಟ್ಟ ಗಾಡಿಗಳು ಕೇಂದ್ರ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಬರುತ್ತವೆ. ಆದರೆ ಅಲ್ಲಿ ಮುಂಗಡ ಠೇವಣಿ ಕಟ್ಟಬೇಕು, ಇದ್ದಲ್ಲಿ ಇದ್ದಹಾಗೆ ಎತ್ತಬೇಕು, ಎಷ್ಟೋ ಸಲ ಇಡೀ ಲಾಟ್ ತೆಗೆದುಕೊಳ್ಳಬೇಕು. ಒಂದು ಜೀಪ್ ಕಟ್ಟುವವನಿಗೆ ಹರಾಜಿಗಿಂತ ಹರಾಜಿನಲ್ಲಿ ಗೆದ್ದವನ ಗೋಡೌನ್ ಲೇಸು. ಸೇನೆಯಿಂದ ಬಂದ ಕೆಲವು ಗಾಡಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು, ಹಳೆ ವಿಲ್ಲಿಸ್‌ನದು 6 ವೋಲ್ಟ್. ಸೆಲ್ಫ್, ಡೈನಮೋ ಎತ್ತುವ ಮುನ್ನ ತಗಡಿನ ಪಟ್ಟಿ ಓದಿ.

ಗುಜರಿಗೆ ವರ್ನಿಯರ್, ಅಯಸ್ಕಾಂತ, ಟಾರ್ಚ್, ಸ್ವಲ್ಪ ಸೀಮೆಎಣ್ಣೆ, ಸೀಮೆಸುಣ್ಣದ ಪುಡಿ ಒಯ್ಯಿರಿ. ಕಬ್ಬಿಣದ ಎರಕದಲ್ಲಿ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದು. ಗೇರ್‌ಬಾಕ್ಸ್ ಕೇಸಿನ ಕಿವಿಗಳು, ಬೋಲ್ಟ್ ತೂತಿನ ಸುತ್ತಮುತ್ತ ಉಜ್ಜಿ, ಸೀಮೆಎಣ್ಣೆ ಸವರಿ ಎರಡು ನಿಮಿಷ ಬಿಡಿ. ಒರೆಸಿ ಒಣಗಿಸಿ, ಸುಣ್ಣದ ಪುಡಿ ಹಚ್ಚಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅಂಗಡಿಯವನಿಗೆ ಇದು ಇಷ್ಟವಾಗುವುದಿಲ್ಲ, ಬೆಲೆ ಇಳಿಯುವುದೂ ಅದಕ್ಕೇ.

ಇಡೀ ಗೇರ್‌ಬಾಕ್ಸ್ ಕೊಳ್ಳುವುದಾದರೆ ಮೇಲ್ಮುಚ್ಚಳ ತೆಗೆಸದೆ ದುಡ್ಡು ಕೊಡಬೇಡಿ. ಗೇರಿನ ದೊಡ್ಡ ಹಲ್ಲಿಗಿಂತ ಪಕ್ಕದ ಸಣ್ಣ ಡಾಗ್ ಹಲ್ಲುಗಳನ್ನು ನೋಡಿ. ಅವುಗಳ ಚೂಪು ಅಂಚು ದುಂಡಗಾಗಿದ್ದರೆ ಇಳಿಜಾರಿನಲ್ಲಿ ಗೇರ್ ಜಾರಿ ನ್ಯೂಟ್ರಲ್ ಆಗುತ್ತದೆ. ಘಾಟಿ ರಸ್ತೆಯವರಿಗೆ ಇದರ ಅಪಾಯ ಹೇಳಬೇಕಿಲ್ಲ. ತಳದ ಎಣ್ಣೆಗೆ ಅಯಸ್ಕಾಂತ ಇಳಿಸಿ: ಬೂದಿಯಂಥ ಪುಡಿ ಸಹಜ, ಚೂರು ಬಂದರೆ ಬಿಟ್ಟುಬಿಡಿ.

ಕ್ರೌನ್-ಪಿನಿಯನ್ ಬಗ್ಗೆ ಒಂದೇ ನಿಯಮ: ಜೋಡಿಯಾಗಿಯೇ ಕೊಳ್ಳಿ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತದೆ. ಪಿನಿಯನ್ ತಲೆಯ ಮೇಲೆ +2, -3 ಎಂಬಂತಹ ಗುರುತೂ ಇರಬಹುದು, ಅದು ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಪಿನಿಯನ್ ಆಳದ ವ್ಯತ್ಯಾಸ. ಆ ಗುರುತು ನೋಡಿ ಶಿಮ್ (ತೆಳು ತಗಡಿನ ಬಿಲ್ಲೆ) ಲೆಕ್ಕ ಹಾಕಬೇಕು. ಕೂರಿಸಿದ ಮೇಲೆ ಡಯಲ್ ಗೇಜಿನಲ್ಲಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 0.13ರಿಂದ 0.20 ಮಿಮೀ ಒಳಗಿರಲಿ. ಅಂದಾಜಿನಲ್ಲಿ ಕೂರಿಸಿದರೆ ವೇಗ ಹಿಡಿದಾಗ ಹುಯ್ಯಲಿಡುತ್ತದೆ. ಹೌಸಿಂಗ್ ಸಮೇತ ಇಡಿಯಾಗಿ ಸಿಕ್ಕರೆ, ಆಡಿಸಿ ನೋಡಿ ಸದ್ದಿಲ್ಲದಿದ್ದರೆ, ಅದನ್ನೇ ಒಯ್ಯುವುದು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ.

ಎಂಜಿನ್ ಎತ್ತುವಾಗ ನಂಬರ್ ಇರುವ ಜಾಗ ಉಳಿಯಿಂದ ಕೆತ್ತಿದಂತೆಯೋ ಹೊಸದಾಗಿ ಉಜ್ಜಿದಂತೆಯೋ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕದ್ದ ಮಾಲು ಸಿಕ್ಕಿಬಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ನಂಬರ್ ನಮೂದಿಸಿದ ಬಿಲ್, ಹಳೆ ಗಾಡಿಯ ಆರ್‌ಸಿ ರದ್ದಾದ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಬೇರೆ ಬಗೆಯ ಎಂಜಿನ್ ಆದರೆ ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು, ಬದಲಿಸಿದ 14 ದಿನದೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು.

ಹೊಸದು ಕೊಳ್ಳದೆ ಉಳಿಸಬಹುದಾದ್ದು

ಹಳೆ ಹಿತ್ತಾಳೆ ರೇಡಿಯೇಟರ್ ಕೊಟ್ಟು ಹೊಸ ಅಲ್ಯೂಮಿನಿಯಂನದು ತರುವುದು ನಷ್ಟದ ವ್ಯಾಪಾರ. ಮೇಲಿನ ಕೆಳಗಿನ ಟ್ಯಾಂಕ್ ಉಳಿಸಿ ನಡುವಿನ ಕೋರ್ ಮಾತ್ರ ಹೊಸದು ಹಾಕಿಸಿ. ಬ್ರೇಕ್ ಶೂಗಳಿಗೆ ಲೈನಿಂಗ್ ಅಂಗಡಿಯಲ್ಲಿ ಹೊಸ ಲೈನರ್ ಬಡಿಸಬಹುದು. ಡ್ರಮ್ ಲೇತ್‌ಗೆ ಹಾಕಿಸಿದ್ದರೆ ಆ ಡ್ರಮ್ಮನ್ನೂ ಜತೆಗೆ ಕೊಟ್ಟು ಅದಕ್ಕೆ ಹೊಂದುವಂತೆ ಶೂ ಉಜ್ಜಿಸಿ, ಇಲ್ಲದಿದ್ದರೆ ಶೂ ಪೂರ್ತಿ ತಾಗದೆ ಬ್ರೇಕ್ ಒಂದೇ ಕಡೆ ಎಳೆಯುತ್ತದೆ. ಲೀಫ್ ಸೆಟ್ಟನ್ನು ಲಾರಿಗಳ ಪ್ಲೇಟ್ ಕೆಲಸ ಮಾಡುವವರಲ್ಲಿ ಕೊಡಿ. ಮುರಿದ ಒಂದು ಪ್ಲೇಟ್ ಬದಲಿಸಿ, ಬಾಗು ಕೂರಿಸಿಕೊಡುತ್ತಾರೆ. ವಿಲ್ಲಿಸ್ ಮಾದರಿಯ ಪ್ಲೇಟಿನ ಅಗಲ 1¾ ಇಂಚು. ಎಡ-ಬಲ ಎರಡೂ ಸೆಟ್ ಒಟ್ಟಿಗೇ ಕೊಡಿ, ಒಂದನ್ನೇ ಮಾಡಿಸಿದರೆ ಗಾಡಿ ಓರೆಯಾಗಿ ನಿಲ್ಲುತ್ತದೆ. ಸೆಂಟರ್ ಬೋಲ್ಟ್, ಯು-ಬೋಲ್ಟ್ ಮಾತ್ರ ಹೊಸವೇ ಇರಲಿ.

ಸಿಜೆ3ಬಿಯ ಸ್ಟೀರಿಂಗ್ ಆಟ ಆಡುತ್ತದೆ ಎಂದು ಸ್ಟೀರಿಂಗ್ ಬಾಕ್ಸನ್ನೇ ಬದಲಿಸುವವರಿದ್ದಾರೆ. ಮೊದಲು ಕ್ರಾಸ್ ಮೆಂಬರ್ ಮೇಲಿನ ಬೆಲ್ ಕ್ರ್ಯಾಂಕ್ (ಸ್ಟೀರಿಂಗ್ ಎಳೆತವನ್ನು ಚಕ್ರಗಳ ಕಡೆಗೆ ದಾಟಿಸುವ ಮೂಲೆ ತುಂಡು) ಹಿಡಿದು ಅಲುಗಾಡಿಸಿ. ಬಹಳ ಸಲ ಸವೆದಿರುವುದು ಅದರ ಪಿನ್ನು, ನೀಡಲ್ ಬೇರಿಂಗ್. ಅದರ ಕಿಟ್ ಬಾಕ್ಸಿನ ಬೆಲೆಯ ಸಣ್ಣ ಪಾಲಿಗೆ ಬರುತ್ತದೆ.

ಬಾಡಿ, ಮತ್ತು ದೂರದಿಂದ ತರಿಸುವುದು

ಮಲೆನಾಡಿನ ಜೀಪು ತುಕ್ಕು ಹಿಡಿಯುವುದು ಕಾಣುವ ಕಡೆ ಅಲ್ಲ, ಫ್ಲೋರಿನ ಕೆಳಗಿನ ಯು ಚಾನೆಲ್, ಸೀಟಿನಡಿಯ ಟೂಲ್ ಬಾಕ್ಸ್, ಹಿಂದಿನ ಮೂಲೆಗಳಲ್ಲಿ. ಚಾನೆಲ್ ಮತ್ತು ಫ್ಲೋರ್ ಮಾತ್ರ ಹೋಗಿದ್ದರೆ 18 ಗೇಜಿನ, ಅಂದರೆ ಸುಮಾರು 1.2 ಮಿಮೀ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತಂದು ಟಿಂಕರಿಂಗ್ ಮಾಡಿಸಿ. ಬದಿಗಳೂ ಕೊಳೆತಿದ್ದರೆ ಹರಿಯಾಣದ ಮಂಡಿ ದಬ್ವಾಲಿಯಲ್ಲಿ ಹೊಸ ಟಬ್ ಕಟ್ಟಿಕೊಡುವವರಿದ್ದಾರೆ. ಆರ್ಡರ್ ಕೊಡುವಾಗ ಶೀಟಿನ ಗೇಜ್ ಬರಹದಲ್ಲಿ ಪಡೆಯಿರಿ. ನಿಮ್ಮ ಚಾಸಿಯ ಬಾಡಿ ಮೌಂಟ್ ತೂತುಗಳ ನಡುವಿನ ಅಂತರವನ್ನು ಕಾಗದದಲ್ಲಿ ಚಿತ್ರ ಬರೆದು ಕಳಿಸಿ. ಬರುವ ಟಬ್ಬಿನ ಮೇಲೆ ಪುಟ್ಟಿ, ಪೇಂಟ್ ಬೇಡ, ಬರಿ ಪ್ರೈಮರ್ ಸಾಕು ಎಂದು ಹೇಳಿ. ಪುಟ್ಟಿಯ ಕೆಳಗೆ ಏನಿದೆಯೋ ಯಾರಿಗೆ ಗೊತ್ತು.

ಭಾರದ ಸಾಮಾನು ಲಾರಿ ಪಾರ್ಸೆಲ್‌ನಲ್ಲಿ ತರಿಸುವುದು ಕೊರಿಯರ್‌ಗಿಂತ ಬಹಳ ಕಡಿಮೆ. ದುಡ್ಡು ಕಳಿಸುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊ, ನಂಬರಿನ ಹತ್ತಿರದ ಫೋಟೊ, ತಿರುಗಿಸಿ ತೋರಿಸುವ ವಿಡಿಯೊ ಕೇಳಿ. ಹಬ್, ಹೌಸಿಂಗ್ ಕಳಿಸುವವರಿಗೆ ಎಣ್ಣೆ ಪೂರ್ತಿ ಬಸಿದು ತೂತು ಮುಚ್ಚಲು ಹೇಳಿ, ಸೋರುವ ಪೆಟ್ಟಿಗೆಯನ್ನು ಪಾರ್ಸೆಲ್ ಆಫೀಸಿನವರು ಹತ್ತಿಸಿಕೊಳ್ಳುವುದಿಲ್ಲ. ಬಂದ ದಿನವೇ ಬಿಚ್ಚಿ ಅಳತೆ ನೋಡಿ.

ಕೊಳ್ಳುವ ಅನುಕ್ರಮವೂ ದುಡ್ಡು ಉಳಿಸುತ್ತದೆ. ಮೊದಲು ಚಾಸಿ ಮತ್ತು ಆಕ್ಸಲ್, ಆಮೇಲೆ ಬ್ರೇಕ್-ಸ್ಟೀರಿಂಗ್, ಆಮೇಲೆ ಗೇರ್‌ಬಾಕ್ಸ್-ಎಂಜಿನ್. ಗಾಡಿ ಬರಿ ಚಾಸಿಯ ಮೇಲೆ ಓಡಿ, ನಿಂತು, ತಿರುಗಿದ ಮೇಲೆ ಬಾಡಿ. ಸೀಟು, ಟಾಪು, ಬಂಪರ್, ಲೈಟುಗಳಿಗೆ ಕೊನೆಯ ಸರದಿ. ಅವು ಯಾವಾಗ ಬೇಕಾದರೂ ಸಿಗುತ್ತವೆ, 5.38ರ ಕ್ರೌನ್-ಪಿನಿಯನ್ ಜೋಡಿ ಹಾಗಲ್ಲ.